ಗ್ವಾಟೆಮಾಲಾ ಮಾರ್ಗವಾಗಿ ಬಾಗೇವಾಡಿ

ಭಾಷಾ ಸಮೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಅಂಗೈಯಲ್ಲಿ ಹಿಡಿಯುವಷ್ಟು ಫೋನಿನಲ್ಲಿ ಇಡೀ ಒಂದು ಊರಿನ ಮಾತನ್ನು ತುಂಬಿಕೊಂಡು ಬರುತ್ತಾರಂತೆ. ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳಿದರು. ಭಾರ ಇತ್ತು ಎಂದೆ. ನಕ್ಕು, ಚಹಾ ಕುಡಿದು ಹೋದರು. ಅವರು ಹೋದ ಮೇಲೆ ನಾನು ಅಂದದ್ದು ಸಾಲದು ಅನ್ನಿಸಿತು. ಅದಕ್ಕೇ ಈ ಬರಹ.

ಬಡ್ತಿಗಳ ವಿಚಾರ ಇದರಲ್ಲಿ ಇಲ್ಲ. ಸಿಕ್ಕವು, ಸಿಗಬೇಕಾದುದಕ್ಕಿಂತ ತಡವಾಗಿ ಸಿಕ್ಕವು. ಎಲ್ಲರಿಗೂ ಹಾಗೆಯೇ ಸಿಗುತ್ತವೆ, ಅದರಲ್ಲಿ ಬರೆಯುವಂಥದ್ದೇನಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ, ವಿಜಾಪುರದಲ್ಲಿದ್ದ ಒಂದು ಸಣ್ಣ ಕಚೇರಿಯಲ್ಲಿ. ಎರಡು ಕೋಣೆ, ಒಂದು ಬೇವಿನ ಗಿಡ, ನಾಲ್ಕು ಜನ. ಊರೂರು ತಿರುಗಿ ಜನ ಆಡುವ ಮಾತನ್ನು ಬರೆದುಕೊಂಡು, ಧ್ವನಿ ಹಿಡಿದುಕೊಂಡು ಬರಬೇಕು. ಅದನ್ನೆಲ್ಲ ಕೂಡಿಸಿ ಸಾಹೇಬರು ನಕಾಶೆ ಬರೆಯಬೇಕು. ಈ ಊರಿನವರು ಒಂದಕ್ಕೆ ಹೀಗೆ ಅನ್ನುತ್ತಾರೆ, ಆಚೆ ಊರಿನವರು ಹಾಗೆ ಅನ್ನುತ್ತಾರೆ ಎಂದಾಗ ನಡುವೆ ಒಂದು ಗೆರೆ. ಆ ಗೆರೆಗಾಗಿಯೇ ನಮ್ಮ ಬದುಕು. ನನ್ನದು ಹಂಗಾಮಿ ಹುದ್ದೆ. ಆರು ತಿಂಗಳಿಗೊಮ್ಮೆ ಸಾಹೇಬರು ಸಹಿ ಮಾಡಿದರೆ ಮುಂದಿನ ಆರು ತಿಂಗಳು ನಾನು ಭಾಷೆಯ ಸೇವೆ ಮಾಡಬಹುದು. ಮಾಡದಿದ್ದರೆ ಇಂಡಿ ಊರಿನ ಹತ್ತಿರ ಅಪ್ಪನ ಹೊಲದ ಸೇವೆ.

ನಮ್ಮ ಸಾಹೇಬರು ಧಾರವಾಡದ ಕಡೆಯವರು, ದೇಶಪಾಂಡೆಯವರು. ತೆಳ್ಳಗಿನ ಆಳು, ದಪ್ಪ ಕನ್ನಡಕ, ನಗು ಅಪರೂಪ. ತರಬೇತಿಗೆಂದು ವಿದೇಶಕ್ಕೆ ಹೋದವರು ಅಲ್ಲಿಂದ ಗ್ವಾಟೆಮಾಲಾ ಎಂಬ ದೇಶದ ಗುಡ್ಡಗಳಿಗೆ ಹೋಗಿ ಎರಡು ವರ್ಷ ಕೂತು ಬಂದಿದ್ದರು. ಅಲ್ಲಿ ಮಾಯಾ ಜನರ ಭಾಷೆಗಳಿವೆ. ಒಂದಲ್ಲ, ಒಂದು ದೊಡ್ಡ ಮನೆತನವೇ ಇದೆ. ಆ ಮನೆತನದಲ್ಲಿ ಹಲವು ಕವಲು. ಅದರಲ್ಲಿ ಮಾಮ್ ಕವಲು ಎಂಬುದು ಸಾಹೇಬರ ಪಾಲಿಗೆ ಬಂದದ್ದು. ಪಾಲಿಗೆ ಬಂದದ್ದು ಪಂಚಾಮೃತ ಎಂದು ಅವರು ಅದನ್ನು ನಮಗೂ ಹಂಚಿದರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಿಗೆ ಹೋಗಬೇಕಾದ ನಾನು ಮೊದಲ ಹದಿನೈದು ದಿನ ಗ್ವಾಟೆಮಾಲಾದಲ್ಲಿಯೇ ಇದ್ದೆ. ಗೋಡೆಯ ಮೇಲೆ ಆ ದೇಶದ ನಕಾಶೆ. ಮಾಮ್ ಕವಲಿನಲ್ಲಿ ನಾಲ್ಕು ಭಾಷೆಗಳು. ಎಲ್ಲಕ್ಕಿಂತ ದೊಡ್ಡದು ಮಾಮ್; ಪಶ್ಚಿಮದ ಗುಡ್ಡಗಳ ತುಂಬ ಅದೇ, ಗಡಿ ದಾಟಿ ಮೆಕ್ಸಿಕೋದೊಳಗೂ ಅಷ್ಟು ಕಾಲು ಚಾಚಿದೆ. ಅದರ ಮಗ್ಗುಲಲ್ಲಿ, ಗಡಿಯ ಅಂಚಿನಲ್ಲಿ, ತೆಕೊ ಎಂಬ ಸಣ್ಣದು. ಪೂರ್ವಕ್ಕೆ ಬಂದರೆ ಅವಕತೆಕ್. ಅದನ್ನು ಆಡುವುದು ಹೆಚ್ಚುಕಡಿಮೆ ಒಂದೇ ಊರಿನ ಸೀಮೆಯಲ್ಲಿ, ಆ ಊರು ಬೆಳ್ಳುಳ್ಳಿಗೆ ಹೆಸರುವಾಸಿ. ಇನ್ನೂ ಆಚೆ ಇಶಿಲ್. ಅದಕ್ಕೆ ಮೂರು ಊರು, ಒಂದೊಂದು ಊರಿಗೆ ಒಂದೊಂದು ಧಾಟಿ. ಹುಯೆಹುಯೆತೆನಾಂಗೊ ಎಂಬ ಜಿಲ್ಲೆಯ ಹೆಸರನ್ನು ನಾವು ನಾಲ್ವರೂ ಮೂರು ದಿನ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದೆವು. ರಸ್ತೆಯಲ್ಲಿ ಹೋಗುವವರು ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದರು.

ನಾಲ್ಕು ಭಾಷೆ, ನಾಲ್ಕು ತಾಲೂಕು. ಇದನ್ನು ಸಾಹೇಬರು ಕಾಕತಾಳೀಯ ಎಂದು ಬಗೆಯಲಿಲ್ಲ. ಬೆಳ್ಳುಳ್ಳಿಯ ಅವಕತೆಕ್ ಸೀಮೆ ಹೇಗೋ ಲಿಂಬಿಹಣ್ಣಿನ ಇಂಡಿ ಹಾಗೆ ಎಂಬಂಥ ಮಾತುಗಳನ್ನು ಪೂರ್ಣ ಗಾಂಭೀರ್ಯದಿಂದ ಹೇಳುತ್ತಿದ್ದರು. ಅಲ್ಲಿ ಒಂದೊಂದು ಕಣಿವೆಗೆ ಒಂದೊಂದು ಮಾತು. ಇಲ್ಲಿ ಒಂದೊಂದು ತಾಲೂಕಿಗೆ ಒಂದೊಂದು ಧಾಟಿ ಇರಲೇಬೇಕು. ಅಲ್ಲಿ ನಡುವೆ ಆಕಾಶಕ್ಕೆ ತಾಗುವ ಬೆಟ್ಟಗಳಿವೆ, ಇಲ್ಲಿ ಎತ್ತ ನೋಡಿದರೂ ರೊಟ್ಟಿಯ ಹಂಚಿನಂತೆ ಸಪಾಟು ಎರೆಭೂಮಿ, ನಡುವೆ ಸಂತೆ, ಬಸ್ಸು, ಬೀಗತನ ಇವೆ ಎಂದು ಹೇಳಬೇಕೆಂದು ನನಗೆ ಅನ್ನಿಸಿತ್ತು. ಹಂಗಾಮಿ ನೌಕರನಿಗೆ ಅನ್ನಿಸಿದ್ದೆಲ್ಲ ಬಾಯಿಗೆ ಬರುವುದಿಲ್ಲ.

ಸಾಹೇಬರು ಅಲ್ಲಿಂದ ತಂದ ಇನ್ನೊಂದು ಆಸ್ತಿ ಚಿತ್ರಗಳ ಕಟ್ಟು. ಯಾವುದಕ್ಕೆ ಏನನ್ನುತ್ತೀರಿ ಎಂದು ಕೇಳುವಾಗ ನಾವು ಯಾವ ಶಬ್ದವನ್ನೂ ಆಡಬಾರದು, ಆಡಿದರೆ ಜನ ಅದನ್ನೇ ತಿರುಗಿ ಹೇಳಿಬಿಡುತ್ತಾರೆ. ಚಿತ್ರ ತೋರಿಸಬೇಕು, ಸುಮ್ಮನಿರಬೇಕು. ವಿಧಾನ ಒಳ್ಳೆಯದೇ. ಚಿತ್ರಗಳು ಮಾತ್ರ ಗ್ವಾಟೆಮಾಲಾದವು. ಹೊಸದಾಗಿ ಬರೆಸಲು ಮಂಜೂರಾತಿ ಇರಲಿಲ್ಲ. ಹೀಗಾಗಿ ಬೆಂಕಿ ಕಾರುವ ಪರ್ವತವೊಂದನ್ನು ಬಗಲಚೀಲದಲ್ಲಿ ಹೊತ್ತುಕೊಂಡು ನಾನು ವಿಜಾಪುರ ಜಿಲ್ಲೆಯನ್ನೆಲ್ಲ ಸುತ್ತಿದೆ.

ಸಿಂದಗಿಯಲ್ಲಿ ಅದನ್ನು ನೋಡಿದ ಹಿರಿಯರು ಸುಣ್ಣದ ಭಟ್ಟಿ ಎಂದರು. ಬರೆದುಕೊಂಡೆ. ಮುದ್ದೇಬಿಹಾಳದ ಹತ್ತಿರದ ಹಳ್ಳಿಯಲ್ಲಿ ಮಾತ್ರ ಅದು ಯಾರಿಗೂ ಪರ್ವತವಾಗಿಯೂ ಭಟ್ಟಿಯಾಗಿಯೂ ಕಾಣಲಿಲ್ಲ. ಉರಿಯುವ ಮೇವಿನ ಬಣವಿಯಾಗಿ ಕಂಡಿತು. ತುದಿ ಚೂಪು, ಮೇಲೆ ಬೆಂಕಿ, ಹೊಗೆ. ಯಾರ ಬಣವಿ, ಯಾವಾಗ ಹತ್ತಿತು, ಎಂದು ಕೇಳತೊಡಗಿದರು. ನಾನು ನಿಯಮದಂತೆ ಸುಮ್ಮನಿದ್ದೆ. ಹಿಂದಿನ ವರ್ಷವಷ್ಟೇ ಬಣವಿ ಕಳೆದುಕೊಂಡ ಒಬ್ಬಾತ ಚಿತ್ರವನ್ನು ಕಿತ್ತುಕೊಂಡು ನೋಡಿ, ಇದು ತನ್ನದೇ ಎಂದು ಗುರುತಿಸಿ, ಸರಕಾರದವರ ಹತ್ತಿರ ಫೋಟೋ ಇದೆ ಎಂದಮೇಲೆ ಇನ್ನೇನು ಸಾಕ್ಷಿ ಬೇಕು ಎಂದು ತನ್ನ ದಾಯಾದಿಯ ಅಂಗಿ ಹಿಡಿದ. ಬಿಡಿಸಲು ಗ್ವಾಟೆಮಾಲಾ ಎಲ್ಲಿದೆ ಎಂಬುದನ್ನು ನಾನು ಕಟ್ಟೆಯ ಮೇಲೆ ನಿಂತು ವಿವರಿಸಬೇಕಾಯಿತು. ಅಷ್ಟು ದೂರದ ಬಣವಿಗೆ ಇವನೇಕೆ ಬೆಂಕಿ ಹಚ್ಚುತ್ತಾನೆ ಎಂದು ಹಿರಿಯರು ತೀರ್ಪು ಕೊಟ್ಟರು. ಆ ಚಿತ್ರವನ್ನು ಮುಂದೆ ಚೀಲದ ತಳಕ್ಕೆ ಹಾಕಿದೆ.

ಮಾತಾಡುವವರನ್ನು ಆರಿಸಲೂ ನಿಯಮಗಳಿದ್ದವು. ವಯಸ್ಸಾಗಿರಬೇಕು. ಗಂಡಸಾಗಿರಬೇಕು, ಹೆಂಗಸರು ಮದುವೆಯಾಗಿ ಬೇರೆ ಊರಿನಿಂದ ಬಂದಿರುತ್ತಾರೆ, ಅವರ ಮಾತು ತವರಿನದು. ಊರು ಬಿಟ್ಟು ಹೋಗಿರಬಾರದು. ಸಾಲಿ ಕಲಿತಿರಬಾರದು. ಮತ್ತು ಹಲ್ಲು ಇರಬೇಕು. ಹಲ್ಲಿಲ್ಲದ ಬಾಯಲ್ಲಿ ಅರ್ಧ ಅಕ್ಷರಗಳು ಗಾಳಿಗೆ ಹೋಗುತ್ತವೆ. ಈ ಐದೂ ಒಬ್ಬನಲ್ಲಿ ಕೂಡುವುದು ಜಾತಕ ಕೂಡಿದಷ್ಟೇ ಕಷ್ಟ. ಇಂಡಿಯ ಕಡೆ ಒಬ್ಬ ಅಜ್ಜನಿಗೆ ಉಳಿದೆಲ್ಲ ಇತ್ತು, ಹಲ್ಲು ಮಾತ್ರ ಇರಲಿಲ್ಲ. ನಾನು ಎದ್ದು ಹೊರಟಾಗ ಆತ ಕೈ ಹಿಡಿದು, "ಹಲ್ಲ ಬೇಕಂದ್ರ ಮಗನ್ನ ಕರಸ್ತೀನ್ರಿ. ಮಾತ ನಾ ಆಡ್ತೀನಿ, ಹಲ್ಲ ಅವ ತೋರಸ್ತಾನ," ಎಂದ. ಇಷ್ಟು ಉದಾರವಾದ ಸಹಕಾರವನ್ನು ತಿರಸ್ಕರಿಸಿ ಬಂದ ಪಾಪ ನನ್ನ ತಲೆಯ ಮೇಲೆ ಇನ್ನೂ ಇದೆ. ಸಿಂದಗಿಯ ಹಿರಿಯರಿಗೆ ಹಲ್ಲೂ ಇತ್ತು, ಎಲ್ಲವೂ ಇತ್ತು. ದನಿ ಹಿಡಿಯುವ ಮಷಿನ್ ಶುರುವಾದ ಕೂಡಲೇ ರೇಡಿಯೋ ವಾರ್ತೆ ಓದುವವರ ಧಾಟಿಯಲ್ಲಿ ಮಾತಾಡುತ್ತಿದ್ದರು, ನಿಲ್ಲಿಸಿದ ಕೂಡಲೇ ಮನುಷ್ಯರಾಗುತ್ತಿದ್ದರು. ನಾಲ್ಕನೆಯ ದಿನ ನಿಲ್ಲಿಸಿದಂತೆ ಮಾಡಿ ನಿಲ್ಲಿಸದೆ ಬಿಟ್ಟೆ. ಕೊನೆಯ ದಿನ ಅದನ್ನು ಅವರಿಗೆ ಹೇಳಿ, ಕೇಳಿಸಿ, ಕ್ಷಮೆ ಕೇಳಿದೆ. ತಮ್ಮ ದನಿ ಕೇಳಿ ಇದು ನನ್ನ ತಮ್ಮನದು ಎಂದರು.

ಇಷ್ಟೆಲ್ಲ ಆದ ಮೇಲೆ ಬಾಗೇವಾಡಿ ತಾಲೂಕಿನಲ್ಲಿ ನನಗೆ ಬೀರಪ್ಪನವರು ಸಿಕ್ಕರು. ಊರಿನ ಹೆಸರು ಬರೆಯುವುದಿಲ್ಲ. ಮುಳವಾಡದಿಂದ ಹೆಚ್ಚು ದೂರವಿಲ್ಲ, ಅಷ್ಟು ಸಾಕು. ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ ನಿಯಮಗಳನ್ನು ಒಂದೊಂದಾಗಿ ಓದಿದಾಗ ಊರ ಗೌಡರು ತಡೆಯದೆ, ಹಾಗಾದರೆ ನಮ್ಮ ಕಂಬಳಿ ಬೀರಪ್ಪನೇ ಸರಿ ಎಂದರು. ಅರವತ್ತರ ಮೇಲೆ ವಯಸ್ಸು. ಬಾಯ್ತುಂಬ ಹಲ್ಲು, ಕಡಲೆ ಕಡಿದು ತೋರಿಸಿದರು. ಸಾಲಿಯ ಮೆಟ್ಟಿಲು ಹತ್ತಿದವರಲ್ಲ. ಕಂಬಳಿ ನೇಯುವ ಕುಣಿಮಗ್ಗ ಅವರದು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಮುಂಜಾನೆ ಕೂತರೆ ಹೊತ್ತು ಮುಳುಗಿದಾಗ ಏಳುವುದು. ಕುಣಿಯಲ್ಲಿ ಕೂತವನು ಎಲ್ಲಿಗೆ ಹೋದಾನು? ಊರು ಬಿಟ್ಟು ಹೋದದ್ದುಂಟೆ ಎಂದು ನಾನು ಕೇಳಿದ್ದಕ್ಕೆ ಇಡೀ ಕಟ್ಟೆ ತಲೆಯಲ್ಲಾಡಿಸಿತು. "ಹಿಂತಾ ಮನಷ್ಯಾ ಈ ಸೀಮ್ಯಾಗ ಸಿಗೂದಿಲ್ರಿ ಸಾಹೇಬ್ರ," ಎಂದರು ಗೌಡರು. "ಒಂದ ರಾತ್ರಿ ಊರ ಬಿಟ್ಟ ಮಲಗಿಲ್ಲ. ಇವ ನಮ್ಮ ಊರಿನ ಗೂಟ."

ಬೀರಪ್ಪನವರು ನೆಲ ನೋಡುತ್ತ ನಿಂತಿದ್ದರು. ವಿನಯ ಎಂದುಕೊಂಡೆ. ಕಚೇರಿಯ ನಮೂನೆಯಲ್ಲಿ 'ಊರಿನ ಅಸಲು ನಿವಾಸಿ' ಎಂಬ ಕಡೆ ಅವರ ಹೆಸರು ಬರೆದು, ಓದಿ ಹೇಳಿದೆ. ಇನ್ನೊಮ್ಮೆ ಓದಲು ಕೇಳಿದರು. ಓದಿದೆ. ಮರುದಿನ ಹೋದಾಗ ತಲೆಗೆ ಹೊಸ ಪಟಕ ಸುತ್ತಿಕೊಂಡು ಕೂತಿದ್ದರು.

ಮೂರು ವಾರ ಅವರ ಮನೆಯಲ್ಲಿ ಕೂತೆ. ಹದಿನೈದು ಕಿಲೋ ತೂಗುವ ನನ್ನ ಮಷಿನ್ನು, ಅದರ ಎರಡು ತಿರುಗುವ ಚಕ್ರ, ಮಗ್ಗದ ಪಕ್ಕದಲ್ಲಿ. ಗ್ವಾಟೆಮಾಲಾದ ಹೆಂಗಸು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಗಿಡಕ್ಕೆ ನೂಲು ಬಿಗಿದು ನೇಯುವ ಚಿತ್ರ ನೋಡಿ ಬೀರಪ್ಪನವರು ಅರ್ಧ ಗಂಟೆ ಅದರ ದೋಷಗಳನ್ನು ಹೇಳಿದರು. ಎಲ್ಲ ಹಿಡಿದುಕೊಂಡೆ. ಅಷ್ಟು ಸೊಗಸಾದ ಮಾತು ನನಗೆ ಬೇರೆಲ್ಲಿಯೂ ಸಿಕ್ಕಿರಲಿಲ್ಲ.

ಒಂದೇ ಒಂದು ತೊಡಕು, ಅವರ ಹೆಂಡತಿ ಮಾಳವ್ವ. ನಡುಮನೆಯ ಆಚೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಬಡಿತದ ಸದ್ದು ಟೇಪಿನ ರೀಲಿನಲ್ಲಿ ಇಳಿಯುತ್ತಿತ್ತು. ಅದಕ್ಕಿಂತ ಹೆಚ್ಚು, ಬೀರಪ್ಪನವರು ಒಂದು ಉತ್ತರ ಕೊಟ್ಟ ಕೂಡಲೇ ಬಡಿತ ನಿಲ್ಲುತ್ತಿತ್ತು. ಒಳಗಿನಿಂದ, ನಮ್ಮ ಕಡೆ ಹಾಗನ್ನುವುದಿಲ್ಲ ಎಂದೋ, ಹೀಗನ್ನುತ್ತೇವೆ ಎಂದೋ ಒಂದು ದನಿ ಬರುತ್ತಿತ್ತು. ಮತ್ತೆ ಬಡಿತ ಶುರುವಾಗುತ್ತಿತ್ತು. ಹೆಂಡತಿಯಾದವಳು ಗಂಡನ ಮಾತಿಗೆ ಇಲ್ಲ ಎನ್ನುವುದರಲ್ಲಿ ಭಾಷಾಶಾಸ್ತ್ರಕ್ಕೆ ಸಂಬಂಧಿಸಿದ್ದೇನೂ ನನಗೆ ಕಾಣಲಿಲ್ಲ. ಎರಡನೆಯ ದಿನವೇ ವಿನಂತಿಸಿಕೊಂಡೆ: ಅವ್ವಾ, ಮಷಿನ್ ನಡದದ, ಸ್ವಲ್ಪ ಸುಮ್ಮನಿರ್ರಿ.

"ಮಷಿನ್ನಿನ ಮುಂದ ಸುಳ್ಳ ಹೇಳಾಕತ್ತಾರ. ನಾ ಸುಮ್ಮನ ಕುಂದರಬೇಕೇನ್ರಿ?" ಎಂದರು ಮಾಳವ್ವ.

ಬೀರಪ್ಪನವರು ಕುಣಿಯೊಳಗಿಂದಲೇ, "ಅಕಿ ಮಾತ ಹಿಡೀಬ್ಯಾಡ್ರಿ," ಎಂದರು. ನಾನು ಹಿಡಿಯಲಿಲ್ಲ. ಮಷಿನ್ನು ಹಿಡಿಯಿತು. ಪ್ರತಿ ರೀಲಿನ ಮೇಲೆ ಒಂದು ಚೀಟಿ ಅಂಟಿಸುವುದಿತ್ತು. ಅದರಲ್ಲಿ 'ಗದ್ದಲ' ಎಂಬ ಒಂದು ಸಾಲು. ಬೇರೆ ಊರುಗಳಲ್ಲಿ ನಾಯಿ, ಗಾಳಿ, ಎತ್ತಿನ ಗಂಟೆ ಎಂದು ಬರೆಯುತ್ತಿದ್ದೆ. ಇಲ್ಲಿ ಹನ್ನೆರಡು ರೀಲಿಗೂ ಒಂದೇ ಬರೆದೆ: 'ರೊಟ್ಟಿ ಬಡಿತ, ಹೆಂಗಸು.'

ನಾನು ಬರೆದು ತಂದ ಪಟ್ಟಿಗಳನ್ನು ನೋಡಿ ಸಾಹೇಬರ ಮುಖದಲ್ಲಿ ಮೊದಲ ಬಾರಿ ಬಣ್ಣ ಬಂತು. 'ಇದೆ' ಎನ್ನಲು ಇಂಡಿ, ಸಿಂದಗಿಯ ಕಡೆ ಜನ 'ಅದ' ಎನ್ನುವಲ್ಲಿ ಬಾಗೇವಾಡಿಯ ಕಡೆ 'ಐತಿ' ಎನ್ನುವುದು ಹೆಚ್ಚು, ಇದು ಬಸ್ ಕಂಡಕ್ಟರಿಗೂ ಗೊತ್ತು. ಆದರೆ ಬೀರಪ್ಪನವರ ಊರಿನಲ್ಲಿ 'ಅದ'. ಅದೊಂದೇ ಅಲ್ಲ, ಮಗ್ಗದ, ಒಲೆಯ, ನೆಂಟರ ಶಬ್ದಗಳೆಲ್ಲ ಇಂಡಿಯವು; ನನ್ನ ಮನೆಯ ಮಾತೇ ಆದ್ದರಿಂದ ನನ್ನ ಕಿವಿಗೆ ಅದು ಬೇರೆಯಾಗಿ ಬಿದ್ದಿರಲಿಲ್ಲ. ಸಾಹೇಬರು ಕೆಂಪು ಪೆನ್ಸಿಲ್ ತೆಗೆದು ಇಂಡಿಯಿಂದ ಕೆಳಗೆ ಬಾಗೇವಾಡಿಯೊಳಕ್ಕೆ ಉದ್ದನೆಯ ಬಾಲವೊಂದನ್ನು ಎಳೆದರು. ಮಾಮ್ ಆಡುವ ಜನ ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿದ್ದು ಹೀಗೆಯೇ ಎಂದರು. ಇಂಡಿಯ ಕಂಬಳಿಗಾರರು ಯಾವುದೋ ಕಾಲದಲ್ಲಿ ಹುಲ್ಲು ಹುಡುಕುತ್ತ ಕೃಷ್ಣೆಯ ಕಡೆಗೆ ಇಳಿದಿರಬೇಕು, ದಾರಿಯಲ್ಲಿ ಈ ಊರಲ್ಲಿ ನೆಲೆಸಿರಬೇಕು. ಎಂಟು ದಿನದಲ್ಲಿ ಹನ್ನೊಂದು ಪುಟದ ಪ್ರಬಂಧ ಸಿದ್ಧವಾಯಿತು. ಮುಂದಿನ ತಿಂಗಳು ಪಂಡಿತರ ಸಭೆಯಲ್ಲಿ ಅದನ್ನು ಓದುವುದು, ನಕಾಶೆ ಅಚ್ಚಿಗೆ ಹೋಗುವುದು. ನನ್ನ ಆರು ತಿಂಗಳು ಮುಗಿಯುವುದೂ ಅದೇ ತಿಂಗಳು. ಈ ಸಲ ಕಾಯಂ ಮಾಡಲು ಬರೆಯುತ್ತೇನೆ, ಒಂದೇ ಒಂದು ಕೆಲಸ ಉಳಿದಿದೆ ಎಂದರು ಸಾಹೇಬರು. ಆ ಪ್ರಾಚೀನ ವಲಸೆಯ ನೆನಪು ಬೀರಪ್ಪನವರ ಮನೆತನದಲ್ಲಿ ಕಥೆಯಾಗಿಯಾದರೂ ಉಳಿದಿರುತ್ತದೆ. ಅದನ್ನು ಹಿಡಿದು ತಾ.

ಮಷಿನ್ ಹೊತ್ತು ಮತ್ತೆ ಬಾಗೇವಾಡಿ ಬಸ್ಸು ಹತ್ತಿದೆ. ಬೀರಪ್ಪನವರು ಕುಣಿಯಿಂದ ಎದ್ದು ಬಂದು ಕಂಬಳಿ ಹಾಸಿದರು. ಕುಶಲೋಪರಿ ಆಯಿತು. ಮಷಿನ್ ಹಚ್ಚಿ, ಸಾಧ್ಯವಾದಷ್ಟು ಗೌರವದ ಧಾಟಿಯಲ್ಲಿ, ಯಜಮಾನರೆ, ನಿಮ್ಮವರು ಇಂಡಿ ಕಡೆಯಿಂದ ಈ ಊರಿಗೆ ಯಾವ ಕಾಲದಲ್ಲಿ ಬಂದರು ಎಂದು ಕೇಳಿದೆ.

ಬೀರಪ್ಪನವರು ಹೊಸ ಪಟಕವನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ನಿಮಗ ಯಾರ ಹೇಳಿದ್ರಿ?" ಎಂದರು.

ಒಳಗೆ ರೊಟ್ಟಿಯ ಬಡಿತ ನಿಂತಿತು. ಯಾರೂ ಹೇಳಿಲ್ಲ, ನಿಮ್ಮ ಮಾತೇ ಹೇಳಿತು ಎಂದೆ ನಾನು, ಪೆದ್ದನಂತೆ. ಇದು ಪ್ರಾಚೀನ ಕಾಲದ ವಲಸೆ ಎಂದು ನಮ್ಮ ಸಾಹೇಬರ ಅಭಿಪ್ರಾಯ ಎಂದೂ ಸೇರಿಸಿದೆ.

ಮಾಳವ್ವ ಹಿಟ್ಟಿನ ಕೈಯಲ್ಲಿಯೇ ಬಾಗಿಲಿಗೆ ಬಂದು ನಿಂತರು. "ಪ್ರಾಚೀನ ಅಲ್ರಿ ಯಪ್ಪಾ, ನಲವತ್ತ ವರ್ಷ ಆತು," ಎಂದರು. "ನಮ್ಮಪ್ಪಗ ಗಂಡ ಮಕ್ಕಳಿಲ್ಲ. ಮಗ್ಗ ನಿಲ್ಲತೈತಿ ಅಂತ ಇವರನ್ನ ಮನಿ ಅಳ್ಯಾ ಮಾಡ್ಕೊಂಡ್ರು. ಎತ್ತಿನ ಬಂಡ್ಯಾಗ ಒಂದ ಟ್ರಂಕ ಇಟಗೊಂಡ ಬಂದ್ರು. ಅದರಾಗ ಎರಡ ಧೋತರ ಇದ್ದೂ."

ಹನ್ನೊಂದು ಪುಟ, ಉದ್ದನೆಯ ಬಾಲ, ಕಂಬಳಿಗಾರರ ಮಹಾ ಪ್ರಸ್ಥಾನ, ಎಲ್ಲವೂ ಆ ಟ್ರಂಕಿನಲ್ಲಿ ಹಿಡಿಸಿತು.

ನಮ್ಮ ಸೀಮೆಯಲ್ಲಿ ಮನೆ ಅಳಿಯನಾಗುವುದು ತಪ್ಪಲ್ಲ. ಆದರೆ ಅದನ್ನು ಅವನ ಎದುರಿಗೆ ಆಡುವುದು ಅಸಭ್ಯತನ. ಕಟ್ಟೆಯ ಮೇಲಿದ್ದವರು ಸುಳ್ಳು ಹೇಳಿರಲಿಲ್ಲ, ಮರ್ಯಾದೆ ಕಾಯ್ದಿದ್ದರು. ಬಂದ ದಿನದಿಂದ ಬೀರಪ್ಪನವರು ಒಂದು ರಾತ್ರಿಯೂ ಊರು ಬಿಟ್ಟಿಲ್ಲ ಎಂಬುದೂ ಖರೆಯೇ. ಬಂದದ್ದು ಯಾವ ದಿನ ಎಂದು ನಾನು ಕೇಳಿರಲಿಲ್ಲ. ನಮೂನೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಆ ಮನೆಯಲ್ಲಿ ಊರು ಬಿಡದ ಜೀವ ಇದ್ದದ್ದು ಒಲೆಯ ಮುಂದೆ. ಮೂರು ವಾರ ನಾನು ಅದಕ್ಕೆ ಸುಮ್ಮನಿರಲು ಹೇಳಿದ್ದೆ.

ಮಾಳವ್ವ ಒಳಗೆ ಹೋದ ಮೇಲೆ ಬೀರಪ್ಪನವರು ಮಷಿನ್ ನಿಲ್ಲಿಸಲು ಸನ್ನೆ ಮಾಡಿದರು. ನಿಜವಾಗಿಯೇ ನಿಲ್ಲಿಸಿದೆ. "ನಲವತ್ತ ವರ್ಷದಾಗ ಈ ಊರಾವ ಅಂತ ನನ್ನ ಹೆಸರ ಯಾರೂ ಬರದಿರಲಿಲ್ರಿ," ಎಂದರು. "ಮಾಳವ್ವನ ಗಂಡ ಅಂತ ಬರದಾರ. ಮಗ್ಗದಾವ್ರ ಅಳ್ಯಾ ಅಂತ ಬರದಾರ. ನೀವ ಬರದ್ರಿ. ಬರದದ್ದ ಅಳಸಬ್ಯಾಡ್ರಿ."

ಬಸ್ಸಿನಲ್ಲಿ ಮಷಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ನನ್ನ ಲೆಕ್ಕ ಸರಳವಾಗಿತ್ತು. ಸುಮ್ಮನಿದ್ದರೆ ಬೀರಪ್ಪನವರ ಹೆಸರು ಉಳಿಯುತ್ತದೆ, ಸಾಹೇಬರ ಬಾಲ ಉಳಿಯುತ್ತದೆ, ನನ್ನ ನೌಕರಿ ಕಾಯಂ ಆಗುತ್ತದೆ. ಹೇಳಿದರೆ ಮೂವರಿಗೂ ಪೆಟ್ಟು. ಸುಳ್ಳಿನಿಂದ ಇಷ್ಟು ಜನರಿಗೆ ಇಷ್ಟು ಉಪಕಾರವಾಗುವುದನ್ನು ನಾನು ಮೊದಲು ಕಂಡಿರಲಿಲ್ಲ. ತೊಂದರೆ ಎಂದರೆ ಕಚೇರಿಯಲ್ಲಿದ್ದ ಹನ್ನೆರಡು ರೀಲುಗಳು. ಪ್ರತಿಯೊಂದರಲ್ಲಿಯೂ ಆ ಹೆಂಗಸು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಿಜ ಹೇಳಿದ್ದಳು. ಇಂದಲ್ಲ ನಾಳೆ ಯಾರೋ ಕೇಳುತ್ತಾರೆ. ಯಾರೂ ಕೇಳದಿದ್ದರೆ ಇನ್ನೂ ಕೆಟ್ಟದು ಎಂದು ಯಾಕೋ ಅನ್ನಿಸಿತು.

ಮರುದಿನ ಸಾಹೇಬರ ಮುಂದೆ ನಿಂತೆ. ಧೈರ್ಯವಂತರು ಬಾಯಿಬಿಟ್ಟು ಹೇಳುತ್ತಾರೆ; ನಾನು ಮೂರನೆಯ ರೀಲು ಹಚ್ಚಿ, ಕಿವಿಗೆ ಹಾಕಿಕೊಳ್ಳುವುದನ್ನು ಅವರ ಕೈಗೆ ಕೊಟ್ಟೆ. ಗಂಡಸಿನ ಮಾತು ಬಿಡ್ರಿ, ಹಿಂದಿನ ಗದ್ದಲ ಕೇಳ್ರಿ ಎಂದೆ. ಸಾಹೇಬರು ಕಣ್ಣು ಮುಚ್ಚಿ ಕೇಳಿದರು. ರೀಲು ಮುಗಿಯಿತು. ನಾಲ್ಕನೆಯದನ್ನು ಕೈಸನ್ನೆಯಿಂದ ಕೇಳಿದರು. ಅದೂ ಮುಗಿಯಿತು. ಆಗ ನಾನು ಟ್ರಂಕು, ಬಂಡಿ, ಮನೆ ಅಳಿಯತನ ಎಲ್ಲ ಹೇಳಿದೆ. ಬೀರಪ್ಪನವರು ಬೇಡಿಕೊಂಡದ್ದನ್ನೂ ಹೇಳಿದೆ.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ನನ್ನ ಕಣ್ಣಿಗೆ ಇಂಡಿಯ ಹೊಲ ಕಾಣತೊಡಗಿತು.

"ಬಿರಾದಾರ್ರ," ಎಂದು ನನ್ನ ಅಡ್ಡಹೆಸರಿನಿಂದ ಕರೆದರು, "ಇಶಿಲ್ ಊರಾಗ ಒಬ್ಬ ಮುದುಕನ ಮುಂದ ನಾ ಏಳು ತಿಂಗಳ ಕೂತಿದ್ದೆ. ಅವನ ಹೆಂಡತಿ ಅಂಗಳದಾಗ ನೇಯ್ಕೋತ ಕೂಡತಿದ್ಲು. ಅವಾ ಏನರೆ ಹೇಳಿದ್ರ ಸಾಕು, ಅಕಿ ನಗತಿದ್ಲು. ನನ್ನ ಉಚ್ಚಾರ ಕೇಳಿ ನಗತಾಳ ಅಂತ ತಿಳಕೊಂಡಿದ್ದೆ."

ಆ ಊರಿನ ಗಂಡಸರು ವರ್ಷವರ್ಷ ಕಾಫಿ ಕೊಯ್ಲಿಗೆ ಕೆಳಗಿನ ಕರಾವಳಿಗೆ ಇಳಿಯುತ್ತಾರೆ, ಹತ್ತು ಸೀಮೆಯವರ ಜೊತೆ ಬೆರೆತು ಹತ್ತು ಮಾತು ಕಲಿತು ಬರುತ್ತಾರೆ. ಆಕೆ ಆ ಅಂಗಳ ಬಿಟ್ಟು ಹೋದವಳೇ ಅಲ್ಲ, ಇದೆಲ್ಲ ಆಗಲೂ ನನಗೆ ಗೊತ್ತಿತ್ತು ಎಂದರು. ಆದರೂ ವಿಧಾನದ ಪುಸ್ತಕದಲ್ಲಿ ಗಂಡಸು ಎಂದಿತ್ತು. ಆಮೇಲೆ ಹನ್ನೊಂದು ಪುಟಗಳನ್ನು ಎರಡಾಗಿ ಮಡಚಿ ಕಪಾಟಿನಲ್ಲಿಟ್ಟರು, ನಿಯಮಗಳ ಹಾಳೆ ತೆಗೆದು ಆ ಒಂದು ಶಬ್ದದ ಮೇಲೆ ಗೆರೆ ಎಳೆದರು. ಅವರು ಎಳೆದ ಗೆರೆಗಳಲ್ಲಿ ನನಗೆ ಅತ್ಯಂತ ಖಾತ್ರಿ ಅನ್ನಿಸಿದ್ದು ಅದೇ. ಅದೇ ದಿನ ನಮೂನೆಗೆ 'ಈ ಊರಿಗೆ ಬಂದದ್ದು ಯಾವಾಗ' ಎಂಬ ಹೊಸ ಕಲಂ ಬಂತು. ನೀವು ಇಂದು ಫೋನಿನಲ್ಲಿ ತುಂಬುವ ನಮೂನೆಯಲ್ಲಿ ಆ ಕಲಂ ಇನ್ನೂ ಇದ್ದರೆ, ಅದು ಒಬ್ಬ ಮದುಮಗನ ಸ್ಮಾರಕ ಎಂದು ತಿಳಿಯಿರಿ.

ಮುಂದಿನ ವಾರ ಸಾಹೇಬರೇ ನನ್ನ ಜೊತೆ ಬಂದರು. ಮಷಿನ್ನನ್ನು ಒಲೆಯ ಹತ್ತಿರ ಇಟ್ಟೆ. ಈಗ ನೀವೇ ಮಾತಾಡಬೇಕು ಎಂದಾಗ ಮಾಳವ್ವ ಮೊದಲು ನಂಬಲಿಲ್ಲ. ಚೀಟಿಗಳಲ್ಲಿ ಅವರನ್ನು ಗದ್ದಲ ಎಂದು ಬರೆದದ್ದನ್ನು ನಾನು ಒಪ್ಪಿಕೊಂಡೆ. ಅದಕ್ಕೆ ಅವರಿಗೆ ಸಿಟ್ಟು ಬರಲಿಲ್ಲ. ಎಷ್ಟು ರೀಲಿಗೆ ಎಂದು ಕೇಳಿ, ಹನ್ನೆರಡು ಎಂದಾಗ ತೃಪ್ತಿಪಟ್ಟಂತೆ ಕಂಡರು. ರೊಟ್ಟಿ ತಟ್ಟುವ ಗ್ವಾಟೆಮಾಲಾದ ಹೆಂಗಸಿನ ಚಿತ್ರ ತೋರಿಸಿದಾಗ ಬಹಳ ಹೊತ್ತು ನೋಡಿ, "ಅಂಗೈಯಷ್ಟ ರೊಟ್ಟಿ. ಅಕಿ ಗಂಡ ಉಪಾಸ ಇರ್ತಾನೇನ್ರಿ?" ಎಂದು ಸಾಹೇಬರನ್ನೇ ಕೇಳಿದರು. ಸಾಹೇಬರು ನಕ್ಕರು. ಅದನ್ನೂ ಮಷಿನ್ನು ಹಿಡಿದಿದೆ. ಕಚೇರಿಯಲ್ಲಿ ಅವರ ನಗುವಿನ ಪ್ರತಿ ಇದ್ದದ್ದು ಅದೊಂದೇ.

ಬೀರಪ್ಪನವರು ಬರಿತಲೆಯಲ್ಲಿ ಕುಣಿಯೊಳಗೆ ಕೂತು ನೇಯುತ್ತಿದ್ದರು, ಇತ್ತ ನೋಡುತ್ತಿರಲಿಲ್ಲ. ಸಾಹೇಬರು ಹೋಗಿ ಕುಣಿಯ ಅಂಚಿಗೆ ನೆಲದ ಮೇಲೆ ಕೂತರು. ಇಂಡಿಯಲ್ಲಿ ಇಂದು ಎಲ್ಲರೂ ಬಸ್ಸು ಹತ್ತುತ್ತಾರೆ, ಪೇಟೆಗೆ ಹೋಗುತ್ತಾರೆ, ಸಿನಿಮಾ ನೋಡುತ್ತಾರೆ, ನಲವತ್ತು ವರ್ಷದ ಹಿಂದಿನ ಇಂಡಿಯ ಮಾತು ಇಂಡಿಯಲ್ಲಿಯೇ ಸಿಗುವುದಿಲ್ಲ, ನೀವು ಅದನ್ನು ಕುಣಿಯಲ್ಲಿ ಜೋಳ ತುಂಬಿಟ್ಟಂತೆ ಇಟ್ಟಿದ್ದೀರಿ, ಈ ಹನ್ನೆರಡು ರೀಲು ನಮಗೆ ಬಹಳ ದೊಡ್ಡದು ಎಂದು ಒಂದು ಸಭೆಗೆ ಹೇಳುವಷ್ಟೇ ಗಂಭೀರವಾಗಿ ಹೇಳಿದರು. ಸಮಾಧಾನಕ್ಕೆ ಹೇಳಿದ್ದಲ್ಲ, ಅದು ಖರೆಯೇ ಆಗಿತ್ತು.

ಬೀರಪ್ಪನವರ ಲಾಳಿ ನಿಂತಿತು. "ಹಂಗಾರ ನಾ ಯಾ ಊರಾಂವ್ರಿ?" ಎಂದರು.

ಮಾಮ್ ಕವಲಿನ ನಾಲ್ಕು ಭಾಷೆ ಬಲ್ಲ ಸಾಹೇಬರು ನನ್ನ ಕಡೆ ನೋಡಿದರು. ನಾನು ಚೀಲದಿಂದ ಹಳೆಯ ನಮೂನೆ ತೆಗೆದು ತೋರಿಸಿದೆ. ಅಳಿಸಿರಲಿಲ್ಲ. ಊರು ಎಂಬಲ್ಲಿ ಈ ಊರಿನ ಹೆಸರೇ ಇತ್ತು. ಹೊಸ ಕಲಮಿನಲ್ಲಿ ಮಾತ್ರ 'ಮದುವೆಯಾದ ವರ್ಷ, ಇಂಡಿಯಿಂದ' ಎಂದು ಸೇರಿಸಿದ್ದೆ. ಓದಿ ಹೇಳಿದೆ. ಇನ್ನೊಮ್ಮೆ ಓದಲು ಹೇಳಿದರು. ಓದಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ತಲೆಯ ಮೇಲೆ ಪಟಕ ಇತ್ತು.

ಸಹಿ ಆಯಿತು, ನೌಕರಿ ಉಳಿಯಿತು. ಕಾಯಂ ಆಗಲು ಮತ್ತೆರಡು ವರ್ಷ ಹಿಡಿಯಿತು. ಬಡ್ತಿಯ ವಿಚಾರ ಬರೆಯುವುದಿಲ್ಲ ಎಂದಿದ್ದೇನೆ.

ನಕಾಶೆ ಅಚ್ಚಾದದ್ದು ಆ ದಶಕದ ಕೊನೆಗೆ. ಇಂಡಿ, ಸಿಂದಗಿಯ ಕಡೆ ಹಸಿರು. ಬಾಗೇವಾಡಿ, ಮುದ್ದೇಬಿಹಾಳದ ಕಡೆ ಹಳದಿ. ನಡುವೆ ಗೆರೆ ಇರಬೇಕಾದಲ್ಲಿ ಎರಡೂ ಒಂದರೊಳಗೊಂದು ಇಳಿದು ಹೋಗಿವೆ, ಯಾಕೆಂದರೆ ನೆಲ ಸಪಾಟು, ಬೀಗತನ ಬಹಳ. ಬಾಲ ಇರಲಿಲ್ಲ. ಆದರೆ ಬಾಗೇವಾಡಿಯ ಹಳದಿಯ ನಡುವೆ, ಮುಳವಾಡದ ಹತ್ತಿರ, ಜೋಳದ ಕಾಳಿನಷ್ಟು ಒಂದು ಹಸಿರು ಚುಕ್ಕೆ. ಅಚ್ಚಿನವರು ಅದನ್ನು ಮಸಿ ಬಿದ್ದದ್ದು ಎಂದು ಎರಡು ಸಲ ತೆಗೆದರು. ಸಾಹೇಬರು ಎರಡು ಸಲವೂ ಹಾಕಿಸಿದರು.

ಒಂದು ಪ್ರತಿ ತೆಗೆದುಕೊಂಡು ನಾನು ಆ ಊರಿಗೆ ಹೋದೆ. ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಒಳಗಿನಿಂದ ದನಿ ಬಂತು: ಗದ್ದಲದಾಕಿ ಒಳಗ ಅದೀನಿ, ಬರ್ರಿ. ನಕಾಶೆಯನ್ನು ಕಂಬಳಿಯ ಮೇಲೆ ಹಾಸಿದೆವು. ಬೀರಪ್ಪನವರು ತಮ್ಮ ಚುಕ್ಕೆಯ ಮೇಲೆ ಬೆರಳಿಟ್ಟರು, ಬ್ಯಾರೆ ಯಾರಿಗೂ ಚುಕ್ಕೆ ಇಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡರು, ಮತ್ತೆ ಬೆರಳಿಟ್ಟರು.

ಮಾಳವ್ವ ಹಿಟ್ಟಿನ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. ತನ್ನದು ಎಲ್ಲಿ ಎಂದು ಕೇಳಿದರು. ನಾನು ಚುಕ್ಕೆಯ ಸುತ್ತಲಿನ ಹಳದಿಯನ್ನೆಲ್ಲ, ಬಾಗೇವಾಡಿಯಿಂದ ಆಲಮಟ್ಟಿಯ ತನಕ, ಕೈಯಾಡಿಸಿ ತೋರಿಸಿದೆ.

"ಇಷ್ಟೂ ನಂದೇನ್ರಿ?" ಎಂದರು.

ಹೌದ್ರಿ ಅವ್ವಾ ಎಂದೆ.

ಮಾಳವ್ವ ಗಂಡನ ಬೆರಳಿನ ಕಡೆ ನೋಡಿದರು. "ಹಂಗಾರ ಇವರಿಗೂ ಅಷ್ಟ ಜಾಗಾ ಇರ್ಲಿ ಬಿಡ್ರಿ," ಎಂದು ಹೇಳಿ, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಲು ಒಳಗೆ ಹೋದರು.